ಭುಜ ನೋಡಿ ಗುರುತು ಹಿಡಿದದ್ದು

ಬುಧವಾರ, ತಾರೀಖು ಹದಿನಾಲ್ಕು

ಮುದ್ದು ತಂಗಿಗೆ ದೊಡ್ಡಣ್ಣನ ಆಶೀರ್ವಾದಗಳು.

ತಲುಪಿದ ದಿನವೇ ಕಾಗದ ಹಾಕುತ್ತೇನೆ ಎಂದು ಹೇಳಿ ಬಂದವನು ಎಂಟು ದಿನ ಸುಮ್ಮನಿದ್ದೆ. ಮನಸ್ಸಿನಲ್ಲೇ ಬೈದುಕೊಂಡಿರುತ್ತೀಯ, ಬೈದುಕೋ. ಮಗಳ ಫೋನಿನಿಂದ ನಿಮ್ಮತ್ತಿಗೆ ದಿನಾ ನಿನ್ನ ಜೊತೆ ಮಾತಾಡುತ್ತಾಳೆ, ನಿಜ. ಆದರೆ ಅವಳ ವರದಿಯಲ್ಲಿ ಇಲ್ಲಿನ ಚಳಿ, ಅವಳ ಮೊಣಕಾಲು ಮತ್ತು ನನ್ನ ತಪ್ಪುಗಳು ಬಿಟ್ಟರೆ ಬೇರೇನೂ ಇರುವುದಿಲ್ಲ. ಹೊರಡುವಾಗ ನೀನು ಕೇಳಿದ್ದು ಒಂದೇ ಮಾತು: "ಸಣ್ಣಣ್ಣ ನಮ್ಮ ಮೇಲೆ ಸಿಟ್ಟಿಟ್ಕೊಂಡೇ ಹೋದ್ನಾ, ಅದೊಂದು ತಿಳ್ಕೊಂಡು ಬಾ." ಅದು ಫೋನಿನಲ್ಲಿ ಹೇಳುವ ಸಂಗತಿಯಲ್ಲ. ಅಪ್ಪ ಬೇರೆ, ನಮ್ಮ ಹೊಲಿಗೆ ಅಂಗಡಿಯಲ್ಲಿ ಆ ಸೂಟಿನ ಬಟ್ಟೆ ಹಾಳಾದ ದಿನದಿಂದ ಇವತ್ತಿನವರೆಗೆ ಅವನ ಹೆಸರೆತ್ತಿಲ್ಲ. ಅವನು ತೀರಿಕೊಂಡ ಸುದ್ದಿ ಬಂದಾಗಲೂ "ಬಟ್ಟೆ ಕೆಡಿಸಿದೋನಾ?" ಎಂದೇ ಕೇಳಿದರು. ಅವರಿಗೆ ಕಣ್ಣು ಮಂಜು. ಈ ಕಾಗದವನ್ನು ನೀನೇ ಓದಿ ಹೇಳಬೇಕು.

ಈ ಪರದೇಶದಲ್ಲಿ ಅವನನ್ನು ಇಪ್ಪತ್ತೊಂದು ವರ್ಷ ಮನೆಯಲ್ಲಿಟ್ಟುಕೊಂಡಿದ್ದ ಗಂಡ ಹೆಂಡತಿ "ಅವನ ಕೋಣೆ ಹಾಗೇ ಇದೆ, ನೀವೆಲ್ಲ ಬಂದು ಇದ್ದು ಹೋಗಿ" ಎಂದು ಬರೆದಾಗ ನನಗೆ ನಂಬಿಕೆ ಬಂದಿರಲಿಲ್ಲ. ಬಾಯಿಮಾತಿಗೆ ಕರೆಯುವವರು ಬೇಕಾದಷ್ಟು ಜನ ಇರುತ್ತಾರೆ. ಸ್ಟೇಷನ್ನಿನಲ್ಲಿ ಗುರುತು ಹಿಡಿಯಲು ಫೋಟೊ ಕಳಿಸಿ ಎಂದು ಮಗಳು ಕೇಳಿದರೆ, "ಬೇಡಮ್ಮ, ನಿಮ್ಮಪ್ಪ ಕಂಡುಹಿಡೀತಾರೆ ಬಿಡು" ಎಂದು ಉತ್ತರ ಬಂತು. ಅದೇನು ತಮಾಷೆಯೋ ಅರ್ಥವಾಗಲಿಲ್ಲ.

ಇಳಿದರೆ ಸ್ಟೇಷನ್ ತುಂಬ ಜನ. ನನ್ನ ಚಾಳಿ ನಿನಗೆ ಗೊತ್ತಲ್ಲ, ಮುಖ ಬಿಟ್ಟು ಕೋಟುಗಳನ್ನು ನೋಡುತ್ತಾ ನಡೆದೆ. ಎಲ್ಲ ರೆಡಿಮೇಡು, ಎಲ್ಲದರ ಭುಜದಲ್ಲೂ ಸುಕ್ಕು. ದೊಡ್ಡ ಗಡಿಯಾರದ ಕೆಳಗೆ ಒಂದು ಬೂದು ಕೋಟು ನಿಂತಿತ್ತು. ತೋಳು ಭುಜಕ್ಕೆ ಸೇರುವ ಕಡೆ ಒಂದು ಗೆರೆಯೂ ಇಲ್ಲ. ಅಪ್ಪನ ಅಂಗಡಿಯ ಭುಜ ಅದು. ಸೀದಾ ಹೋಗಿ ಅದರ ಮೇಲೆ ಕೈಯಿಟ್ಟೆ. ಆಮೇಲೆ ತಲೆಯೆತ್ತಿದರೆ ಕೋಟಿನೊಳಗಿದ್ದ ಮುದುಕರು ನಗುತ್ತಲೇ ಕಣ್ಣೊರೆಸಿಕೊಳ್ಳುತ್ತಿದ್ದರು. ಸಣ್ಣವನು ಅವರಿಗೆ ಹೇಳಿದ್ದನಂತೆ, "ನಮ್ಮಣ್ಣ ಮುಖ ನೋಡಲ್ಲ, ಭುಜ ನೋಡ್ತಾನೆ." ಅದು ನಿಜವೋ ಸುಳ್ಳೋ ಎಂದು ಪರೀಕ್ಷೆ ಮಾಡಿದರು ಮಹರಾಯರು.

ಅವರು ಟ್ರಾಮ್ ಓಡಿಸಿ ನಿವೃತ್ತರಾದವರು. ನಿಮ್ಮತ್ತಿಗೆ ಆಗಲೇ ಟ್ರಾಮಪ್ಪ ಎಂದು ಹೆಸರಿಟ್ಟಿದ್ದಾಳೆ. ಅವರ ಹೆಂಡತಿಗೆ ಸಣ್ಣವನಿಂದ ಕಲಿತ ನಮ್ಮ ಮಾತು ಒಂದೇ, "ಊಟ ಆಯ್ತಾ?" ಬೆಳಿಗ್ಗೆ ಆರಕ್ಕೂ ಅದೇ, ಊಟ ಬಡಿಸುತ್ತಿರುವಾಗಲೂ ಅದೇ. ಉಳಿದದ್ದನ್ನು ಮಗಳು ಇಂಗ್ಲಿಷಿನಲ್ಲಿ ಕೇಳಿ ನಮಗೆ ಹೇಳುತ್ತಾಳೆ. ನಿಮ್ಮತ್ತಿಗೆ ಸ್ಟೇಷನ್ನಿನಲ್ಲಿ ಕುಂಟಿದ್ದನ್ನು ಅವರು ನೋಡಿದ್ದಾರೆ. ನಾವು ಕೈಕಾಲು ತೊಳೆದು ಬರುವಷ್ಟರಲ್ಲಿ ತಮ್ಮ ಹಾಸಿಗೆಯನ್ನು ಮಹಡಿಯಲ್ಲಿರುವ ಸಣ್ಣವನ ಕೋಣೆಗೆ ಹೊತ್ತು, ಕೆಳಗಿನ ತಮ್ಮ ಕೋಣೆಯನ್ನು ನಮಗೆ ಬಿಟ್ಟಿದ್ದರು. ಇಬ್ಬರಿಗೂ ಎಪ್ಪತ್ತು ದಾಟಿದೆ. ನನಗೆ ನಾಚಿಕೆಯಾಗಿ ಬೇಡವೆಂದರೆ ಆಕೆ, "ಊಟ ಆಯ್ತಾ?" ಎಂದು ಮಾತು ಮುಗಿಸಿಬಿಟ್ಟರು.

ಮೂರನೇ ದಿನ ನಿಮ್ಮತ್ತಿಗೆ ಹಾಲು ತರುತ್ತೇನೆಂದು ಹೋಗಿ ದಾರಿ ತಪ್ಪಿದಳು. ಮನೆ ನಂಬರು ಗೊತ್ತಿಲ್ಲ, ಭಾಷೆ ಬರುವುದಿಲ್ಲ. ಚಳಿಗೆಂದು ಮನೆಯಾಕೆಯ ಕೋಟು ಹಾಕಿಕೊಂಡಿದ್ದಳು. ಬ್ರೆಡ್ ಅಂಗಡಿಯವನು ಆ ಕೋಟು ನೋಡಿ, ಅಂಗಡಿ ಮುಚ್ಚಿ, ಕೈ ಹಿಡಿದು ಕರೆತಂದು ಬಿಟ್ಟ. ಅವನ ಮೈಮೇಲೂ ಸಣ್ಣವನು ಹೊಲಿದ ಕೋಟೇ.

ನನಗೆ ಕುತೂಹಲ ತಡೆಯಲಾಗಲಿಲ್ಲ. ಟ್ರಾಮಪ್ಪನ ಕೋಟು ಕಳಚಿಸಿ ಒಳಪದರದ ಅಸ್ತರಿಯೊಳಗೆ ಬೆರಳು ಹಾಕಿ ನೋಡಿದೆ. "ಮಾನ ಮರ್ಯಾದೆ ಇಲ್ವಾ ನಿಮ್ಗೆ, ಮನೆಯೋರ ಬಟ್ಟೆ ಬಿಚ್ತೀರಲ್ಲ" ಎಂದು ನಿಮ್ಮತ್ತಿಗೆ. ಆದರೆ ಇತ್ತು ಕಣೇ, ಹೊಲಿಗೆಯ ಒಳಗೆ ಎರಡು ಬೆರಳಿನಷ್ಟು ಬಟ್ಟೆ ಹಾಗೇ ಇತ್ತು. "ಮೈ ನಾಳೆ ದಪ್ಪ ಆಗುತ್ತೆ, ಇವತ್ತೇ ಜಾಗ ಬಿಡ್ರೋ" ಎಂದು ಅಪ್ಪ ನಮ್ಮಿಬ್ಬರ ತಲೆಗೆ ಮೊಟಕುತ್ತಿದ್ದರಲ್ಲ, ಅದೇ. ಇಲ್ಲಿ ಹಾಗೆ ಬಿಡುವ ಪದ್ಧತಿಯಿಲ್ಲವಂತೆ. ಬಟ್ಟೆ ದಂಡ ಮಾಡುತ್ತಾನೆಂದು ಮೊದಲ ಧಣಿ ಬೈದದ್ದಕ್ಕೆ, ಇವನು ಕೆಲಸ ಬಿಟ್ಟು ಮಹಡಿಯ ತನ್ನ ಕೋಣೆಯಲ್ಲೇ ಮಷೀನು ಹಾಕಿಕೊಂಡನಂತೆ.

ಟ್ರಾಮಪ್ಪನಿಗೆ ಹೊಟ್ಟೆ ಬಂದು ಗುಂಡಿ ಹಾಕಲಾಗುತ್ತಿರಲಿಲ್ಲ. ಬಿಚ್ಚಿ ಹೊಲಿದುಕೊಟ್ಟೆ. ಸಾಯಂಕಾಲಕ್ಕೆ ಬ್ರೆಡ್ ಅಂಗಡಿಯವನು ತನ್ನ ಕೋಟು ಹಿಡಿದು ಬಂದ, ಮರುದಿನ ಬೀದಿಗೆ ಬೀದಿಯೇ ಬಂತು. ನಾಲ್ಕು ದಿನದಿಂದ ಸಣ್ಣವನ ಮಷೀನಿನ ಮುಂದೆ ಕೂತು ಅವನ ಹೊಲಿಗೆ ಬಿಚ್ಚುತ್ತಿದ್ದೇನೆ. ಊರು ನೋಡಲು ಬಂದವನ ಕಥೆ ಇದು ಎಂದು ಮಗಳು ನಗುತ್ತಾಳೆ. ಒಳಗಿನ ಬಟ್ಟೆಗೆ ಬಿಸಿಲು ತಾಗಿಲ್ಲ, ಅವನು ಕೊಂಡಾಗಿನ ಬಣ್ಣದಲ್ಲೇ ಇದೆ. ಕೆಲಸ ಕೊಡಲು ಬಂದವರು ಅವನ ವಿಷಯ ಹೇಳಿ ಹೋಗುತ್ತಾರೆ. ಇವರಿಗೆಲ್ಲ ಚೌಕಾಬಾರ ಕಲಿಸಿ, ಆಡುವಾಗ ಮೋಸ ಮಾಡುತ್ತಿದ್ದ, ಟೇಪನ್ನು ಕೊರಳಿಗೆ ಹಾಕಿಕೊಂಡೇ ನಿದ್ದೆ ಹೋಗುತ್ತಿದ್ದ. ಒಂಟಿಯಾಗಿ ಇರಲಿಲ್ಲ, ಅದನ್ನು ಧೈರ್ಯವಾಗಿ ನಂಬು. ಕೊನೆಯ ಹತ್ತು ದಿನ ಆಸ್ಪತ್ರೆಯಲ್ಲಿ ಈ ಬೀದಿಯವರು ಸರದಿಯಲ್ಲಿ ಅವನ ಪಕ್ಕ ಕೂತಿದ್ದಾರೆ.

ನಿನ್ನ ಪ್ರಶ್ನೆಯನ್ನು ನಿನ್ನೆ ಮಗಳ ಮೂಲಕ ಮನೆಯಾಕೆಯನ್ನು ಕೇಳಿದೆ. ಬಟಾಣಿ ಸುಲಿಯುತ್ತಿದ್ದವರು ಕೈ ನಿಲ್ಲಿಸಿ ಯೋಚಿಸಿದರು. "ಸಿಟ್ಟಾ? ಸಿಟ್ಟಿನ ಮಾತು ಒಂದ್ಸಲಾನೂ ಆಡಿಲ್ಲ. ಊರು ಯಾಕೆ ಬಿಟ್ಟೆ ಅಂದ್ರೆ, ಒಂದು ಸೂಟಿನ ಬಟ್ಟೆ ಹಾಳಾಯ್ತು ಅಂತಿದ್ದ. ಯಾರು ಹಾಳು ಮಾಡಿದ್ದು ಅಂತ ಕೇಳಿದ್ರೆ ಟೀ ಇಡೋಕೆ ಎದ್ದು ಹೋಗ್ತಿದ್ದ" ಎಂದರು. ಮಗಳು ಅದನ್ನು ನನಗೆ ಹೇಳಿ, ಮುಂದೇನು ಕೇಳಲಿ ಎಂದಳು. ನಾನು ಏನೂ ಬೇಡ ಎಂದೆ.

ಭಾನುವಾರ ಹೊರಡುತ್ತೇವೆ. ಅಪ್ಪನ ಮಾತ್ರೆ ತಪ್ಪಿಸಬೇಡ. ನಿನಗೂ ಮಕ್ಕಳಿಗೂ ಒಳ್ಳೆಯದಾಗಲಿ, ಮನೆ ತುಂಬ ನಗು ಇರಲಿ.

ನಿನ್ನ
ದೊಡ್ಡಣ್ಣ

ಮತ್ತೊಂದು ಮಾತು. ಆ ಸೂಟಿನ ಬಟ್ಟೆ ಕತ್ತರಿಸಿದ್ದು ಸಣ್ಣವನಲ್ಲ, ನಾನು. ಅಳತೆ ಪುಸ್ತಕದಲ್ಲಿ ಒಂದು ಹಾಳೆ ಹೆಚ್ಚಿಗೆ ತಿರುವಿ, ಬೇರೆ ಯಾರದೋ ಅಳತೆಗೆ ಕತ್ತರಿ ಹಾಕಿದ್ದೆ. "ಯಾರ ಕೆಲಸ ಇದು?" ಎಂದು ಅಪ್ಪ ಕೂಗಿದಾಗ ಇಬ್ಬರೂ ಮೇಜಿನ ಪಕ್ಕದಲ್ಲೇ ನಿಂತಿದ್ದೆವು. ನನ್ನ ಮದುವೆಗೆ ಹತ್ತು ದಿನವಿತ್ತು, ನನ್ನ ಮಾವನಾಗುವವರು ಅಂಗಡಿಯಲ್ಲೇ ಕೂತಿದ್ದರು. ಅವನು ಒಮ್ಮೆ ನನ್ನ ಕಡೆ ನೋಡಿ, "ನಂದೇ" ಎಂದ. ಸಾಯಂಕಾಲ ಅಪ್ಪನಿಗೆ ಹೇಳಿದರಾಯಿತು ಎಂದುಕೊಂಡೆ. ಸಾಯಂಕಾಲ ಅವನು ಊರಲ್ಲಿರಲಿಲ್ಲ. ಆಮೇಲೆ ಇಪ್ಪತ್ತೊಂದು ವರ್ಷ ನಾನು ಹೇಳಲಿಲ್ಲ. ಅವನಿಗೆ ಸಿಟ್ಟಿರಲಿಲ್ಲ, ಇದ್ದಿದ್ದರೆ ನನಗೆ ಇಷ್ಟು ಸಂಕಟವಾಗುತ್ತಿರಲಿಲ್ಲ. ಅಪ್ಪನಿಗೆ ಕಾಗದ ಓದುವಾಗ ನನ್ನ ಸಹಿಯ ಹತ್ತಿರ ನಿಲ್ಲಿಸಬೇಡ. ಇದನ್ನೂ ಓದು.