ಗಾಡಿಯ ತಳದ ಖಡಿ

ಘೋಡಗೇರಿ, ೧೯೩೮

ಓವರ್ಸಿಯರ್ ಆದ ಮೊಮ್ಮಗ ಗುರುಲಿಂಗಪ್ಪನಿಗೆ, ಎರಡನೇ ಇಯತ್ತೆ ಕಲಿತ ಆಯಿಯ ಆಶೀರ್ವಾದ.

ನಿನ್ನ ಪತ್ರ ಓದಿದೆ. ರಸ್ತೆಗೆ ಹಾಕುವ, ಡಾಂಬರು ಕಲಸಿದ ಬಿಸಿ ಖಡಿಕಲ್ಲನ್ನು ಕಾಗದದ ಮೇಲೆ ಒತ್ತಿ ನೋಡುತ್ತೀಯಂತೆ. ಕಲೆ ತೆಳುವಾಗಿ ಬಿದ್ದರೆ ಡಾಂಬರು ಕಡಿಮೆ ಅಂತೆ. ನಿನ್ನ ಮಾವನಾಗಲಿರುವ ಗುತ್ತೇದಾರರ ಗಾಡಿಗಳೆಲ್ಲ ಪಾಸಾದವು ಎಂದು ಬರೆದಿದ್ದೀ. ಆದರೆ ಮೊನ್ನೆ ಹುಕ್ಕೇರಿ ಸಂತೆಗೆ ಹೋಗುವಾಗ ಅದೇ ಹೊಸ ರಸ್ತೆಯ ಖಡಿ ನನ್ನ ಕೋಲಿನ ತುದಿಗೇ ಎದ್ದು ಬಂತು. ಶಾಣ್ಯಾ, ನೀನು ಒತ್ತಿದ್ದು ಗಾಡಿಯ ಮೇಲಿನ ಖಡಿಯೋ, ತಳದ್ದೋ?

ಹೆಣ್ಣು ನೋಡಲು ಅವರ ಮನೆಗೆ ಹೋದಾಗ ನಾನು ರೊಟ್ಟಿ ಬುಟ್ಟಿಯ ತಳಕ್ಕೆ ಕೈ ಹಾಕಿದೆನೆಂದು ನೀನು ನಾಚಿಕೊಂಡೆ. ಅವಳಪ್ಪ, "ಮ್ಯಾಲಿಂದ ತಗೋರಿ, ಬಿಸಿ ಅದಾವ" ಅಂದರು. ಹುಡುಗಿ ಅಕ್ಕವ್ವ ಮಾತ್ರ ನಕ್ಕು, "ತಳದ್ದ ತಗೀರಿ ಆಯಿ, ಎಲ್ಲಾ ನನ್ನ ಕೈಯಾಗಿನವ" ಅಂದಳು. ತಳದ ರೊಟ್ಟಿಯೂ ಮೇಲಿನದರ ಹಾಗೇ ಇತ್ತು.

ಸೋಮವಾರ ಕೊನೆಯ ಗಾಡಿಗಳು ಬಂದ ಮೇಲೆ ನೀನು ರುಜು ಹಾಕಬೇಕಂತೆ. ಅದಕ್ಕೆ ಮುಂಚೆ ತಳದ ಖಡಿ ತೆಗೆದು ಒತ್ತು. ಕಲೆ ತೆಳುವಾಗಿದ್ದರೆ ರುಜು ಬೇಡ. ಅವರು ಸಂಬಂಧ ಮುರಿದರೆ ಮುರಿಯಲಿ. ಆ ಕಾಗದ ನನಗೆ ಕಳಿಸು. ಅದನ್ನು ಅವಳಪ್ಪನ ಮುಂದಿಟ್ಟು, ಮಗಳನ್ನು ನಾನೇ ಮತ್ತೆ ಕೇಳಿ ಬರುತ್ತೇನೆ.

ಹುಡುಗಿ ಪಾಸಾಗಿದ್ದಾಳೆ. ಇನ್ನು ಉಳಿದವನು ನೀನು.

ತಳದ ಖಡಿ ಹೆಚ್ಚು ಬಿಸಿ ಇರುತ್ತದೆ, ಬರಿಗೈ ಹಾಕಬೇಡ.

ನಿನ್ನ ಆಯಿ,
ಲಕ್ಕವ್ವ