ಹಲಗೆಯ ಮೇಲೆ ನಮ್ಮ ಹೊಲಿಗೆ ಅಂಗಡಿ

ಅತ್ತಿಗೆ,

ನಾನು ಕ್ಷೇಮ. ಕೆಮ್ಮು ಬಿಟ್ಟಿದೆಯೆಂದು ಅಣ್ಣನಿಗೂ ಹೇಳಿ. ಸಂಸ್ಥೆಗಳನ್ನು ಹೇಗೆ ಕಟ್ಟುತ್ತಾರೆ, ಹೇಗೆ ಬದಲಾಯಿಸುತ್ತಾರೆ ಎಂಬುದೇ ಇಲ್ಲಿ ನಮ್ಮ ಪಾಠ. ನಿನ್ನೆ ಮೇಷ್ಟ್ರು, ಗೊತ್ತಿರುವ ಒಂದು ಸಂಸ್ಥೆಯ ನಕ್ಷೆಯನ್ನು ಹಲಗೆಯ ಮೇಲೆ ಬರೆಯಲು ಹೇಳಿದರು. ಉಳಿದವರು ಬ್ಯಾಂಕು, ಕಾರ್ಖಾನೆ ಬರೆದರು. ನಾನು ನಮ್ಮ ಹೊಲಿಗೆ ಅಂಗಡಿಯನ್ನೇ ಬರೆದೆ, ಒಬ್ಬೊಬ್ಬರಿಗೆ ಒಂದೊಂದು ಚೌಕ, ಕೆಲಸಕ್ಕೊಂದು ಗೆರೆ: ಅಳತೆಗೆ ನೀವು, ಕತ್ತರಿಗೆ ಅಣ್ಣ, ಕಾಜಾ ಗುಂಡಿಗೂ ಜಗಳಗಂಟ ಗಿರಾಕಿಗಳಿಗೂ ನಾನು.

"ಇವ್ರು ಬಿಟ್ಟು ಹೋದ್ರೆ ಏನಾಗುತ್ತೆ?" ಎನ್ನುತ್ತ ಮೇಷ್ಟ್ರು ನನ್ನ ಚೌಕವನ್ನು ಒರೆಸಿ, ಅದರ ಗೆರೆಗಳನ್ನೆಲ್ಲ ನಿಮ್ಮ ಚೌಕಕ್ಕೆ ಎಳೆದರು. "ನೋಡಿ, ಅಂಗಡಿ ನಡೀತಾನೇ ಇದೆ."

ಎಲ್ಲರೂ ನಕ್ಕರು, ನಾನೂ ನಕ್ಕೆ. ಆಮೇಲೆ ಊಟ ಸೇರಲಿಲ್ಲ.

ಒಬ್ಬರೇ ಒದ್ದಾಡಬೇಡಿ, ಸಹಾಯಕ್ಕೆ ಯಾರನ್ನಾದರೂ ಇಟ್ಟುಕೊಳ್ಳಿ. ಕಿಟಕಿ ಪಕ್ಕದ ನನ್ನ ಸ್ಟೂಲಿನ ಮೇಲೆ ಮಾತ್ರ ಅವರನ್ನು ಕೂರಿಸಬೇಡಿ, ಅತ್ತಿಗೆ.

ಕಾರ್ಡು ತುಂಬಿತು.

ನಿಮ್ಮ ನಾದಿನಿ