ಟ್ರ್ಯಾಕ್ಟರಿಗೆ ಸರಪಳಿ ತೊಡಿಸಿದ್ದು

ಟೊಯಿವೋಲ, ಮಿಷಿಗನ್
ನವೆಂಬರ್ 21

ಪ್ರೀತಿಯ ಹಿಲ್ಮಕ್ಕನಿಗೆ ಲೆಂಪಿಯ ನಮಸ್ಕಾರಗಳು.

ನಿಮ್ಮ ಕಾಗದಕ್ಕೆ ಇಷ್ಟು ತಡವಾಗಿ ಉತ್ತರ ಬರೆಯುತ್ತಿದ್ದೇನೆ, ಬೇಜಾರು ಮಾಡಿಕೊಳ್ಳಬೇಡಿ. ಬರೆಯಲು ಕೂತಾಗಲೆಲ್ಲ ಏನೋ ನೆಪ ತೆಗೆದು ಎದ್ದುಹೋದೆ. ಈಗಲೂ ಒಂದು ಕಣ್ಣು ಕಿಟಕಿಯ ಮೇಲೇ ಇದೆ. ಮತ್ತೆ ಹಿಮ ಶುರುವಾಗಿದೆ. ಅರಿಜೋನಾದ ಬಿಸಿಲಿಗೆ ಮೈಯೊಡ್ಡಿ ಕೂತ ನಿಮಗೆ ನಮ್ಮ ಸರೋವರದ ಕಡೆಯಿಂದ ಬೀಸಿಬರುವ ಹಿಮ ಮರೆತೇಹೋಗಿರಬೇಕು.

ಚಳಿಗಾಲಕ್ಕೆ ಮೊದಲೇ ರೈನೊನನ್ನು ಆರೈಕೆ ಮನೆಗೆ ಸೇರಿಸು ಎಂದು ಬರೆದಿದ್ದೀರಿ. ತಮ್ಮನ ಮೇಲಿನ ಪ್ರೀತಿಯಿಂದ ಬರೆದದ್ದೆಂದು ಗೊತ್ತು, ಆದರೂ ಹೆಂಡತಿಯಾದ ನನಗೆ ಓದಿ ಮೈಯೆಲ್ಲ ಉರಿಯಿತು. ಅವನಿಗೆ ಮರೆವು ಹೆಚ್ಚಿದೆ, ಇಲ್ಲವೆನ್ನುವುದಿಲ್ಲ. ಆದರೆ ನರ್ಸ್ ತಪ್ಪದೆ ಬಂದು ನೋಡುತ್ತಿದ್ದರೆ ಮನೆಯಲ್ಲೇ ಇರಬಹುದು ಎಂದು ಡಾಕ್ಟರೇ ಹೇಳಿದ್ದಾರೆ. ನರ್ಸಿನದು ಒಂದೇ ಮಾತು: "ದಾರಿ ತೆರೆದಿಟ್ರೆ ಬರ್ತೀನಿ ಲೆಂಪಿ. ಕಾರು ಹಿಮದಲ್ಲಿ ಹೂತ್ಕೊಂಡ್ರೆ ನನ್ನನ್ನ ಎಳೆಯೋರು ಯಾರು?"

ಅಂದರೆ ರಸ್ತೆಯಿಂದ ನಮ್ಮ ಬಾಗಿಲವರೆಗಿನ ದಾರಿ ಮುಚ್ಚಿದ ದಿನ ರೈನೊ ಈ ಮನೆ ಬಿಡಬೇಕು. ಈ ತನಕ ಅವನೇ ತೆಗೆಯುತ್ತಿದ್ದ ದಾರಿ ಈ ಸಲ ನನ್ನ ಪಾಲಿಗೆ ಬಂದಿದೆ.

ಮೊದಲ ಹಿಮ ಬಿದ್ದಾಗ, ಮುಂದೆ ಹಿಮ ತಳ್ಳುವ ಹಲಗೆಯಿರುವ ರೈನೊನ ಆ ಪುಟ್ಟ ಟ್ರ್ಯಾಕ್ಟರ್ ಹತ್ತಿದೆ. ಹಿಂದಿನ ಚಕ್ರಗಳು ನಿಂತಲ್ಲೇ ಗಿರಗಿರ ಸುತ್ತಿದವು. ಇಳಿಜಾರಿನಲ್ಲಿ ಬ್ರೇಕ್ ಹಿಡಿದರೂ ಜಾರಿಹೋಗಿ ಅಂಚೆಪೆಟ್ಟಿಗೆಗೆ ಗುದ್ದಿದೆ. ಪಕ್ಕದ ಮನೆಯ ಅರ್ವೊ ಓಡಿಬಂದ. "ನೀನು ಬಿಡು, ನಿಮ್ಮ ದಾರೀನೂ ನಾನೇ ತೆಗೆದುಕೊಡ್ತೀನಿ" ಅಂದ. ಅವನು ತನ್ನ ಅಂಗಳ ಮುಗಿಸಿ ಬರುವ ಹೊತ್ತಿಗೆ ನರ್ಸ್ ಹಿಂದಿರುಗಿ ಹೋಗಿರುತ್ತಾಳೆ. ಬೇಡ ಅಂದೆ. "ಹಾಗಾದ್ರೆ ಮೊದಲು ಟೈರಿನೊಳಗೆ ಭಾರ ತುಂಬ್ಸು, ಚಕ್ರ ನೆಲ ಕಚ್ಚುತ್ತೆ. ಆಮೇಲೆ ಮೇಲಿಂದ ಸರಪಳಿ ತೊಡ್ಸು" ಅಂದ.

ಮರುದಿನ ಪಂಪು, ಪೀಪಾಯಿ ಹೊತ್ತುಕೊಂಡೇ ಬಂದ. ಪೀಪಾಯಿಯ ತುಂಬ ಸಕ್ಕರೆ ಬೀಟ್‌ರೂಟಿನ ರಸ. ನೀರಾದರೆ ಟೈರಿನೊಳಗೆ ಗಡ್ಡೆಕಟ್ಟುತ್ತದಂತೆ, ಇದು ಕಟ್ಟುವುದಿಲ್ಲವಂತೆ. "ಬೇಸಿಗೇಲಿ ಕರಡಿ ಬಂದು ಟೈರ್ ನೆಕ್ಕಿದ್ರೆ ನನ್ನ ಬೈಬೇಡ" ಎಂದು ನಗಿಸಿದ.

ಅಷ್ಟರಲ್ಲಿ ರೈನೊ ಕಂಬಳಿ ಹೊದ್ದು ಜಗಲಿಗೆ ಬಂದು ಕೂತ. "ವಾಲ್ವ್ ಮೇಲೆ ಬರೋ ಹಾಗೆ ಚಕ್ರ ತಿರುಗ್ಸಿ. ಅಲ್ಲೀವರೆಗೆ ತುಂಬಿದ್ರೆ ಸಾಕು, ಗಾಳಿಗೂ ಜಾಗ ಬೇಕಲ್ಲ" ಎಂದ. ಅರ್ವೊ ನನ್ನ ಮುಖ ನೋಡಿದ.

ಸರಪಳಿಯನ್ನು ನೆಲಕ್ಕೆ ಹಾಸಿ, ಟ್ರ್ಯಾಕ್ಟರನ್ನು ಅದರ ಮೇಲೆ ಹತ್ತಿಸಿ, ತುದಿಗಳನ್ನು ಸಿಕ್ಕಿಸಿದವಳು ನಾನೇ. ಹೊರಡಬೇಕು ಅನ್ನುವಷ್ಟರಲ್ಲಿ ಜಗಲಿಯಿಂದ ಗದರಿಕೆ ಬಂತು. "ನಿಲ್ಸು, ನಿಲ್ಸು. ಕೊಕ್ಕೆ ಮೊನೆ ಒಳಗಡೆ ತಿರುಗಿದೆ. ರಬ್ಬರ್ ತಿಂದುಹಾಕುತ್ತೆ. ಬಿಚ್ಚಿ ಮಗುಚಿ ಹಾಕು." ನಿಜವೇ, ತಲೆಕೆಳಗಾಗಿ ಹಾಸಿದ್ದೆ. ಸರಿಮಾಡಿದ ಮೇಲೂ ಬಿಡಲಿಲ್ಲ. "ಸ್ವಲ್ಪ ಓಡ್ಸಿ ಬಂದು ಇನ್ನೊಂದ್ಸಲ ಬಿಗಿ ಮಾಡು. ಮೊದಲನೇ ಬಿಗಿತ ಯಾವಾಗ್ಲೂ ಸುಳ್ಳು." ಬೆರಳು ಮರಗಟ್ಟಿ ಅಳು ಬರುವಂತಾಗಿತ್ತು, ಆದರೂ ಖುಷಿಯಾಯಿತು. "ಇವನಿಗೆ ಮರೆವು ಅಂದೋರ್ಯಾರು?" ಎಂದ ಅರ್ವೊ.

ಅದನ್ನೇ ನಾನೂ ನಿಮ್ಮನ್ನು ಕೇಳುತ್ತಿದ್ದೇನೆ, ಹಿಲ್ಮಕ್ಕ. ಇಂದು ಬೆಳಿಗ್ಗೆ ಮೊಣಕಾಲುದ್ದ ಹಿಮವಿತ್ತು. ಟ್ರ್ಯಾಕ್ಟರ್ ಒಂದು ಗೇಣೂ ಜಾರಲಿಲ್ಲ. ನರ್ಸಿನ ಕಾರು ಬಾಗಿಲವರೆಗೆ ಬಂದು ನಿಂತಿತು. ಅವಳು ಏಲಕ್ಕಿ ಬ್ರೆಡ್ಡು ತಿಂದು, ಕಾಫಿ ಕುಡಿದು ಹೋದಳು. ಆರೈಕೆ ಮನೆಯ ಮಾತು ಇನ್ನು ಎತ್ತಬೇಡಿ.

ನಿಮ್ಮ ಮಂಡಿನೋವು ಬೇಗ ವಾಸಿಯಾಗಲಿ. ದೇವರು ನಿಮ್ಮನ್ನು ಚೆನ್ನಾಗಿಟ್ಟಿರಲಿ.

ನಿಮ್ಮ
ಲೆಂಪಿ

ಮತ್ತೊಂದು ಮಾತು: ಲಕೋಟೆ ಅಂಟಿಸಲು ಕೈ ಬರುತ್ತಿಲ್ಲ. ಇಂದು ನರ್ಸ್ ಬರುವ ಮೊದಲು, ದಾರಿ ತೆಗೆದು ಒಳಗೆ ಬಂದೆ. ಮೈಮೇಲೆ ರೈನೊನದೇ ಹಳೆಯ ಕೋಟು ಇತ್ತು. "ಬಾರಪ್ಪಾ, ಕೂತ್ಕೋ. ಚೆನ್ನಾಗಿ ತೆಗ್ದಿದೀಯ" ಅಂದ. ತಮಾಷೆ ಅಂದುಕೊಂಡೆ. ಟೊಪ್ಪಿ ತೆಗೆದು ಎದುರು ನಿಂತೆ. ನನ್ನ ಮುಖವನ್ನೇ ನೋಡುತ್ತ, ದನಿ ತಗ್ಗಿಸಿ ಹೇಳಿದ: "ನನ್ನ ಹೆಂಡ್ತಿಗೆ ಮಾತ್ರ ಹೇಳ್ಬೇಡ ಮಾರಾಯ. ಆ ಟ್ರ್ಯಾಕ್ಟರ್ ಸ್ಟಾರ್ಟ್ ಮಾಡೋದು ಹೇಗೆ ಅಂತ ನಂಗೆ ಮರ್ತೋಗಿದೆ. ಗೊತ್ತಾದ್ರೆ ಲೆಂಪಿ ಹೆದರ್ಕೋತಾಳೆ."

ಹೇಳುವುದಿಲ್ಲ ಎಂದು ಮಾತು ಕೊಟ್ಟೆ. ನೀವು ಬರೆದ ಆ ಆರೈಕೆ ಮನೆಯಲ್ಲಿ ಗಂಡನ ಜೊತೆ ಹೆಂಡತಿಯನ್ನೂ ಇರಲು ಬಿಡುತ್ತಾರೆಯೇ, ಒಮ್ಮೆ ಕೇಳಿ ಬರೆಯಿರಿ.